ಪೈಥಾನ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು: ತಪ್ಪು ಹುಡುಕಿ ಸರಿಪಡಿಸುವ ಕ್ರಮ

ದಾವಣಗೆರೆ ಮತ್ತು ಚಿತ್ರದುರ್ಗದ ಬಿಸಿಎ, ಡಿಪ್ಲೊಮಾ, ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ, ದಲ್ಲಾಳಿ ಅಂಗಡಿಯ ಲೆಕ್ಕವನ್ನು ಸ್ವಂತ ಪ್ರೋಗ್ರಾಮಿನಲ್ಲಿ ಬರೆದುಕೊಳ್ಳಬೇಕೆಂದು ಹೊರಟ ಕೆಲವು ಹಿರಿಯರಿಗೂ ನಾನು ಪೈಥಾನ್ ಹೇಳಿಕೊಡುತ್ತೇನೆ. ಪ್ರತಿ ವರ್ಷ ಹೊಸಬರು ಬರುತ್ತಾರೆ, ಆದರೆ ಅವರು ತರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಅವನ್ನೆಲ್ಲ ಒಂದೆಡೆ, ಯಾವ ಕ್ರಮದಲ್ಲಿ ಪರಿಶೀಲಿಸಬೇಕೋ ಅದೇ ಕ್ರಮದಲ್ಲಿ ಬರೆದಿಡುತ್ತಿದ್ದೇನೆ.

ಈ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಕಡೆಯಿಂದ ಹುಟ್ಟುತ್ತವೆ ಎಂಬುದು ನನ್ನ ಅನುಭವ. ಒಂದು ಹೆಸರಿನ ಹಿಂದೆ ಯಾವ ಮೌಲ್ಯವಿದೆ, ಅದು ಸಂಖ್ಯೆಯೋ, ಪಠ್ಯವೋ, ಪಟ್ಟಿಯೋ ಎಂಬುದನ್ನು ನಾವು ಊಹಿಸಿಕೊಂಡು ಮುಂದೆ ಹೋಗುತ್ತೇವೆ. ಪೈಥಾನನ್ನೇ ಕೇಳಿ ತಿಳಿದುಕೊಳ್ಳುವುದಿಲ್ಲ. ಕೇಳುವ ವಿಧಾನ ಬಹಳ ಸುಲಭ: ಸಂಶಯ ಬಂದ ಸಾಲಿನ ಮೇಲೆ ಆ ಹೆಸರನ್ನೂ ಅದರ ಟೈಪನ್ನೂ, ಅಂದರೆ ಮೌಲ್ಯದ ಬಗೆಯನ್ನೂ, ಪ್ರಿಂಟ್ ಮಾಡಿ ನೋಡುವುದು. ಮುಂದಿನ ಎಲ್ಲ ಹಂತಗಳಲ್ಲಿಯೂ ಇದೇ ಅಭ್ಯಾಸ ನಿಮ್ಮ ನೆರವಿಗೆ ಬರುತ್ತದೆ.

ಓದುವ ಮೊದಲು ಒಂದು ಸೂಚನೆ. ಪ್ರಿಂಟ್, ಇನ್‌ಪುಟ್, ಫಾರ್ ಮುಂತಾದ ಪೈಥಾನಿನ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರಗಳಲ್ಲಿಯೇ ಇರಬೇಕು. ಆದರೆ ವೇರಿಯಬಲ್‌ಗಳಿಗೆ, ಅಂದರೆ ಮೌಲ್ಯಗಳಿಗೆ ನಾವು ಕೊಡುವ ಹೆಸರುಗಳಿಗೆ, ಪೈಥಾನ್ 3ರಲ್ಲಿ ಕನ್ನಡ ಅಕ್ಷರಗಳನ್ನು ಬಳಸಬಹುದು. ಆದ್ದರಿಂದ ಕೆಳಗೆ ಪ್ರತ್ಯೇಕ ಸಾಲುಗಳಲ್ಲಿ ಕೊಟ್ಟಿರುವ ಉದಾಹರಣೆಗಳಲ್ಲಿ, ಪೈಥಾನಿನ ಪದಗಳಿಲ್ಲದವುಗಳನ್ನು ಇದ್ದಂತೆಯೇ ಟೈಪ್ ಮಾಡಿದರೆ ನಡೆಯುತ್ತವೆ.

1. ಮೊದಲು ಯಾವ ಪೈಥಾನ್ ಎಂದು ಖಚಿತಪಡಿಸಿಕೊಳ್ಳಿ

ನಿಮ್ಮಲ್ಲಿರುವುದು ಪೈಥಾನ್ 3 ಆಗಿರಬೇಕು. ಪೈಥಾನ್ 2ಕ್ಕೆ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿದೆ. ಪ್ರಿಂಟ್ ಪದದ ಮುಂದೆ ಆವರಣ ಚಿಹ್ನೆಗಳಿಲ್ಲದ ಉದಾಹರಣೆಗಳು ನಿಮ್ಮ ನೋಟ್ಸಿನಲ್ಲಿದ್ದರೆ ಅವು ಆ ಹಳೆಯ ಆವೃತ್ತಿಯವು. ಹಾಗೆಯೇ ನಕಲು ಮಾಡಿದರೆ ಸಿಂಟ್ಯಾಕ್ಸ್‌ಎರರ್, ಅಂದರೆ ಬರವಣಿಗೆಯ ನಿಯಮ ತಪ್ಪಿದ ದೋಷ, ಬರುತ್ತದೆ.

ವಿಂಡೋಸ್‌ನಲ್ಲಿ ಕಮಾಂಡ್ ಕಿಟಕಿಯಲ್ಲಿ ಪೈಥಾನ್ ಎಂದು ಟೈಪ್ ಮಾಡಿದಾಗ ಆದೇಶ ಗೊತ್ತಿಲ್ಲವೆಂಬ ಉತ್ತರ ಬಂದರೆ, ಅಥವಾ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡರೆ, ಪೈಥಾನ್ ಎಲ್ಲಿದೆ ಎಂಬುದು ವಿಂಡೋಸ್‌ಗೆ ತಿಳಿದಿಲ್ಲ ಎಂದರ್ಥ. ಇನ್‌ಸ್ಟಾಲ್ ಮಾಡುವ ಮೊದಲ ಪರದೆಯ ಕೆಳಭಾಗದಲ್ಲಿ ಪೈಥಾನನ್ನು ಪಾತ್‌ಗೆ, ಅಂದರೆ ವಿಂಡೋಸ್ ಆದೇಶಗಳನ್ನು ಹುಡುಕುವ ಜಾಗಗಳ ಪಟ್ಟಿಗೆ, ಸೇರಿಸುವ ಗುರುತಿನ ಚೌಕವಿರುತ್ತದೆ. ಅವಸರದಲ್ಲಿ ಅದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಇನ್‌ಸ್ಟಾಲ್ ಮಾಡುವ ಫೈಲನ್ನು ಮತ್ತೆ ನಡೆಸಿ ಆ ಗುರುತು ಹಾಕಿ, ಕಮಾಂಡ್ ಕಿಟಕಿಯನ್ನು ಮುಚ್ಚಿ ಹೊಸದಾಗಿ ತೆರೆಯಿರಿ. ಹಳೆಯ ಕಿಟಕಿಗೆ ಹೊಸ ಪಾತ್ ತಿಳಿಯುವುದಿಲ್ಲ.

ಲೈಬ್ರರಿಯನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಪಿಪ್ ಎಂಬ ಸಾಧನದ ಮೂಲಕ ಇನ್‌ಸ್ಟಾಲ್ ಮಾಡಿದ್ದರೂ ಮಾಡ್ಯೂಲ್ (ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಕೋಡಿನ ಫೈಲ್) ಸಿಗಲಿಲ್ಲವೆಂಬ ದೋಷ ಬರುವುದು ಇನ್ನೊಂದು ನಿತ್ಯದ ದೂರು. ಕಂಪ್ಯೂಟರಿನಲ್ಲಿ ಎರಡು ಪೈಥಾನ್‌ಗಳಿದ್ದು, ಲೈಬ್ರರಿ ಒಂದಕ್ಕೆ ಸೇರಿ ಪ್ರೋಗ್ರಾಮ್ ಇನ್ನೊಂದರಲ್ಲಿ ನಡೆಯುತ್ತಿರುವುದು ಇದಕ್ಕೆ ಸಾಮಾನ್ಯ ಕಾರಣ. ಪಿಪ್ ಪದವನ್ನು ಒಂಟಿಯಾಗಿ ಬಳಸದೆ «ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್» ಎಂಬ ಕ್ರಮದಲ್ಲಿ ಆದೇಶ ಕೊಟ್ಟರೆ ಅದೇ ಪೈಥಾನಿಗೆ ಲೈಬ್ರರಿ ಸೇರುತ್ತದೆ. ಪ್ರತಿ ಕೆಲಸಕ್ಕೂ ಬೇರೆಯಾದ ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಆ ಕೆಲಸದ ಲೈಬ್ರರಿಗಳಿಗಷ್ಟೇ ಮೀಸಲಾದ ಫೋಲ್ಡರ್, ಮಾಡಿಕೊಂಡರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ.

ಎಚ್ಚರಿಕೆ: ನಿಮ್ಮ ಫೈಲಿಗೆ ರ್‍ಯಾಂಡಮ್, ಮ್ಯಾಥ್, ಪಾಂಡಾಸ್ ಎಂಬಂಥ ಹೆಸರಿಡಬೇಡಿ. ರ್‍ಯಾಂಡಮ್ ಮಾಡ್ಯೂಲ್ ಕಲಿಯುವ ದಿನ ಫೈಲಿಗೂ ಅದೇ ಹೆಸರು ಕೊಡುವುದು ಸಹಜ; ಆಗ ಪೈಥಾನ್ ತನ್ನ ಮಾಡ್ಯೂಲನ್ನು ಬಿಟ್ಟು ನಿಮ್ಮ ಫೈಲನ್ನೇ ತೆಗೆದುಕೊಳ್ಳುತ್ತದೆ.

2. ದೋಷ ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಿ

ಪ್ರೋಗ್ರಾಮ್ ನಿಂತಾಗ ಪರದೆಯ ಮೇಲೆ ಬರುವ ಉದ್ದನೆಯ ಪಠ್ಯಕ್ಕೆ ಟ್ರೇಸ್‌ಬ್ಯಾಕ್ ಎನ್ನುತ್ತಾರೆ; ಪ್ರೋಗ್ರಾಮ್ ಯಾವ ದಾರಿಯಲ್ಲಿ ಬಂದು ಎಲ್ಲಿ ನಿಂತಿತು ಎಂಬುದರ ವಿವರ ಅದು. ದೋಷದ ಹೆಸರು ಮತ್ತು ಕಾರಣ ಕೊನೆಯ ಸಾಲಿನಲ್ಲಿರುತ್ತವೆ. ಅದನ್ನು ಮೊದಲು ಓದಿ, ನಂತರ ಮೇಲಕ್ಕೆ ಬರುತ್ತಾ ನಿಮ್ಮ ಸ್ವಂತ ಫೈಲಿನ ಹೆಸರು ಕಾಣುವ ಮೊದಲ ಜಾಗದಲ್ಲಿ ನಿಲ್ಲಿ. ಅಲ್ಲಿರುವ ಸಾಲಿನ ಸಂಖ್ಯೆಯೇ ನಿಮಗೆ ಬೇಕಾದದ್ದು. ಲೈಬ್ರರಿಯ ಒಳಗಿನ ಸಾಲುಗಳನ್ನು ನೋಡಿ ಹೆದರುವ ಅಗತ್ಯವಿಲ್ಲ.

ನೇಮ್‌ಎರರ್ ಬಂದರೆ ಆ ಹೆಸರನ್ನು ಪೈಥಾನ್ ಇನ್ನೂ ಕಂಡಿಲ್ಲ, ಅನೇಕ ಸಲ ಅದು ಕಾಗುಣಿತದ ತಪ್ಪು. ಟೈಪ್‌ಎರರ್ ಎಂದರೆ ಆ ಬಗೆಯ ಮೌಲ್ಯದ ಮೇಲೆ ಆ ಕೆಲಸ ನಡೆಯುವುದಿಲ್ಲ. ವ್ಯಾಲ್ಯೂಎರರ್ ಎಂದರೆ ಬಗೆ ಸರಿಯಿದೆ, ಒಳಗಿನ ಮೌಲ್ಯ ಒಪ್ಪುವಂಥದ್ದಲ್ಲ. ಇಂಡೆಕ್ಸ್‌ಎರರ್ ಎಂದರೆ ಪಟ್ಟಿಯಲ್ಲಿ ಇಲ್ಲದ ಸ್ಥಾನವನ್ನು ಕೇಳಿದ್ದೀರಿ: ಎಣಿಕೆ 0ಯಿಂದ ಆರಂಭವಾಗುವುದರಿಂದ 6 ಅಂಶಗಳ ಪಟ್ಟಿಯ ಕೊನೆಯ ಸ್ಥಾನ 5. ರೇಂಜ್(1, 10) ಎಂದಾಗ 10 ಬರದೆ 9ಕ್ಕೆ ನಿಲ್ಲುವುದನ್ನೂ ಇದರ ಜೊತೆಗೆ ನೆನಪಿಡಿ.

ಸಿಂಟ್ಯಾಕ್ಸ್‌ಎರರ್ ವಿಷಯದಲ್ಲಿ ಮಾತ್ರ ಪೈಥಾನ್ ತೋರಿಸಿದ ಸಾಲನ್ನು ಪೂರ್ತಿ ನಂಬಬೇಡಿ. ಹಿಂದಿನ ಸಾಲಿನಲ್ಲಿ ಮುಚ್ಚದೆ ಬಿಟ್ಟ ಆವರಣದಿಂದಾಗಿ ಮುಂದಿನ ಸರಿಯಾದ ಸಾಲಿನಲ್ಲಿ ದೋಷ ಕಾಣಿಸಬಹುದು. 3.10ನೇ ಆವೃತ್ತಿಯಿಂದ ಈಚೆಗೆ ಇಂಥ ಸಂದೇಶಗಳು ಬಹಳ ಸ್ಪಷ್ಟವಾಗಿವೆ, ಆವರಣ ಮುಚ್ಚಿಲ್ಲವೆಂದೇ ಅದು ಹೇಳುತ್ತದೆ. ಹೊಸ ಆವೃತ್ತಿ ಹಾಕಿಕೊಳ್ಳಿ ಎಂದು ನಾನು ಒತ್ತಾಯಿಸುವುದಕ್ಕೆ ಇದೇ ಸಾಕಷ್ಟು ಕಾರಣ.

ಎಚ್ಚರಿಕೆ: ವಾಟ್ಸಾಪ್‌ನಿಂದಲೋ ಪಿಡಿಎಫ್‌ನಿಂದಲೋ ನಕಲು ಮಾಡಿದ ಕೋಡಿನಲ್ಲಿ ಉದ್ಧರಣ ಚಿಹ್ನೆಗಳು ಬಾಗಿದ ರೂಪದಲ್ಲಿ (“ ”) ಇರಬಹುದು. ಪೈಥಾನ್ ನೇರವಾದ ಚಿಹ್ನೆಗಳನ್ನು (") ಮಾತ್ರ ಒಪ್ಪುತ್ತದೆ. ಸಾಲಿನ ಆರಂಭದ ಜಾಗದಲ್ಲಿ ಕೆಲವೆಡೆ ಟ್ಯಾಬ್, ಕೆಲವೆಡೆ ಸ್ಪೇಸ್ ಬೆರೆತರೂ ದೋಷ ಬರುತ್ತದೆ, ಕಣ್ಣಿಗೆ ಮಾತ್ರ ಎರಡೂ ಒಂದೇ ರೀತಿ ಕಾಣುತ್ತವೆ. ಎಡಿಟರಿನ ಸೆಟ್ಟಿಂಗ್‌ನಲ್ಲಿ ಟ್ಯಾಬ್ ಒತ್ತಿದರೆ 4 ಸ್ಪೇಸ್ ಬರುವಂತೆ ಒಮ್ಮೆ ಮಾಡಿಟ್ಟರೆ ಸಾಕು.

3. ಬಳಕೆದಾರರು ಕೊಟ್ಟದ್ದು ಪಠ್ಯ, ಸಂಖ್ಯೆಯಲ್ಲ

ಇನ್‌ಪುಟ್ ಫಂಕ್ಷನ್ ಏನನ್ನು ಓದಿದರೂ ಅದನ್ನು ಪಠ್ಯವಾಗಿಯೇ ಕೊಡುತ್ತದೆ. ಮೆಕ್ಕೆಜೋಳದ ಚೀಲಗಳ ಲೆಕ್ಕ ಬರೆಯುತ್ತಿದ್ದೀರಿ, ಬಳಕೆದಾರರು 12 ಎಂದು ಟೈಪ್ ಮಾಡಿದರು ಎಂದಿಟ್ಟುಕೊಳ್ಳಿ. ನಿಮ್ಮ ಕೈಗೆ ಬರುವುದು ಹೀಗೆ ಬರೆದಂತೆ:

ಚೀಲ = "12"
ಚೀಲ * 3

ಉತ್ತರ 36 ಬರುವುದಿಲ್ಲ, 121212 ಬರುತ್ತದೆ. ಪಠ್ಯವನ್ನು 3ರಿಂದ ಗುಣಿಸುವುದೆಂದರೆ ಪೈಥಾನ್ ಪ್ರಕಾರ ಅದನ್ನು ಮೂರು ಸಲ ಬರೆಯುವುದು. ಚೀಲ + 3 ಎಂದಿದ್ದರೆ ಟೈಪ್‌ಎರರ್ ಬಂದು ತಪ್ಪು ಅಲ್ಲಿಯೇ ಗೊತ್ತಾಗುತ್ತಿತ್ತು. ಗುಣಾಕಾರದಲ್ಲಿ ದೋಷವೇ ಬರದೆ ತಪ್ಪು ಉತ್ತರ ಬರುವುದರಿಂದ ಇದು ಹೆಚ್ಚು ಅಪಾಯಕಾರಿ. ಹೋಲಿಕೆಯಲ್ಲಿಯೂ ಹೀಗೆಯೇ: "100" < "95" ಎಂಬುದು ಪಠ್ಯಗಳ ಮಟ್ಟಿಗೆ ನಿಜ, ಏಕೆಂದರೆ ನಿಘಂಟಿನಲ್ಲಿ ಪದಗಳನ್ನು ಹೋಲಿಸುವಂತೆ ಮೊದಲ ಅಕ್ಷರಗಳಾದ 1 ಮತ್ತು 9ನ್ನು ಹೋಲಿಸಲಾಗುತ್ತದೆ. ಅಂಕಪಟ್ಟಿಯನ್ನು ಕ್ರಮವಾಗಿ ಜೋಡಿಸಿದಾಗ 100 ಅಂಕ ಪಡೆದವರು 95 ಪಡೆದವರಿಗಿಂತ ಹಿಂದೆ ಬಿದ್ದಿದ್ದರೆ ಕಾರಣವನ್ನು ಇಲ್ಲಿಯೇ ಹುಡುಕಿ.

ಪೂರ್ಣ ಸಂಖ್ಯೆ ಬೇಕಾದರೆ ಇಂಟ್, ದಶಮಾಂಶ ಬೇಕಾದರೆ ಫ್ಲೋಟ್ ಫಂಕ್ಷನ್ನಿನಿಂದ ಪರಿವರ್ತಿಸಿ. ಇಂಟ್("47.5") ನಡೆಯುವುದಿಲ್ಲ. ನಾವು ಲೆಕ್ಕದ ಪುಸ್ತಕದಲ್ಲಿ ಬರೆಯುವ "1,25,000" ಎಂಬ ರೂಪವೂ ನಡೆಯುವುದಿಲ್ಲ. ರಿಪ್ಲೇಸ್ ಬಳಸಿ ಅಲ್ಪವಿರಾಮಗಳನ್ನು ತೆಗೆದ ಮೇಲೆಯೇ ಪರಿವರ್ತಿಸಬೇಕು. ಆದರೆ ಇಂಟ್("೧೨") ಎಂದರೆ 12 ಸಿಗುತ್ತದೆ, ಕನ್ನಡ ಅಂಕಿಗಳನ್ನು ಅದು ಓದಬಲ್ಲದು. ಕೋಡಿನೊಳಗೆ ನೇರವಾಗಿ ಸಂಖ್ಯೆ ಬರೆಯುವಾಗ ಮಾತ್ರ ಕನ್ನಡ ಅಂಕಿ ಸಲ್ಲುವುದಿಲ್ಲ.

ಪರಿವರ್ತನೆ ವಿಫಲವಾಗುವ ಸಾಧ್ಯತೆಯಿದ್ದಲ್ಲಿ ಟ್ರೈ (ಇದನ್ನು ಮಾಡಿ ನೋಡು) ಮತ್ತು ಎಕ್ಸೆಪ್ಟ್ (ದೋಷ ಬಂದರೆ ಇದನ್ನು ಮಾಡು) ಬಳಸಿ. ಆದರೆ ಎಕ್ಸೆಪ್ಟ್ ಮುಂದೆ ವ್ಯಾಲ್ಯೂಎರರ್ ಎಂದು ಹೆಸರಿಸಿ, ಮತ್ತು ಟ್ರೈ ಒಳಗೆ ಪರಿವರ್ತನೆಯ ಸಾಲನ್ನು ಮಾತ್ರ ಇಡಿ. ಇಡೀ ಪ್ರೋಗ್ರಾಮನ್ನು ಟ್ರೈ ಒಳಗೆ ಹಾಕಿ ಎಲ್ಲ ದೋಷಗಳನ್ನೂ ಸುಮ್ಮನೆ ನುಂಗುವಂತೆ ಬರೆಯುವುದನ್ನು ನಾನು ಆಗಾಗ ನೋಡುತ್ತೇನೆ. ದೋಷ ಕಾಣುವುದಿಲ್ಲ ಎಂಬುದನ್ನು ಬಿಟ್ಟರೆ ಅದರಿಂದ ಬೇರೇನೂ ಆಗುವುದಿಲ್ಲ.

ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ. ಅಂಕಿಗಳಿಂದ ಕೂಡಿದ ಎಲ್ಲವೂ ಸಂಖ್ಯೆಯಲ್ಲ. ದಾವಣಗೆರೆಯ ಎಸ್‌ಟಿಡಿ ಕೋಡ್ 08192, ಚಿತ್ರದುರ್ಗದ್ದು 08194. ಕೋಡ್ = 08192 ಎಂದು ಬರೆದರೆ ಪೈಥಾನ್ 3 ಮುಂದಿನ ಸೊನ್ನೆಯನ್ನು ಒಪ್ಪದೆ ಸಿಂಟ್ಯಾಕ್ಸ್‌ಎರರ್ ಕೊಡುತ್ತದೆ; ಇಂಟ್("08192") ಎಂದರೆ ಸೊನ್ನೆ ಬಿದ್ದುಹೋಗಿ 8192 ಉಳಿಯುತ್ತದೆ. ಸಿಎಸ್‌ವಿ ಫೈಲನ್ನು, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಕೋಷ್ಟಕವನ್ನು, ಪಾಂಡಾಸ್ ಲೈಬ್ರರಿಯ ಮೂಲಕ ಓದಿದಾಗಲೂ ಸೊನ್ನೆ ಮಾಯವಾಗುತ್ತದೆ, ಆ ಕಾಲಮ್ಮಿನ ಬಗೆ ಪಠ್ಯವೆಂದು ಓದುವಾಗಲೇ ತಿಳಿಸಬೇಕು. ಕೂಡುವುದಕ್ಕೂ ಕಳೆಯುವುದಕ್ಕೂ ಅರ್ಥವಿಲ್ಲದ ಅಂಕಿಗಳನ್ನು, ಅಂದರೆ ಫೋನ್, ಆಧಾರ್, ರಿಜಿಸ್ಟರ್ ನಂಬರ್‌ಗಳನ್ನು, ಪಠ್ಯವಾಗಿಯೇ ಇಟ್ಟುಕೊಳ್ಳಿ.

4. ಹಣದ ಲೆಕ್ಕಕ್ಕೆ ಫ್ಲೋಟ್ ಬಳಸಬೇಡಿ

0.1 + 0.2 ಎಂದು ಟೈಪ್ ಮಾಡಿದರೆ 0.30000000000000004 ಎಂದು ಬರುವುದನ್ನು ನೋಡಿ ಪೈಥಾನಿನಲ್ಲಿಯೇ ದೋಷವಿದೆ ಎಂದು ಹಲವರು ಭಾವಿಸುತ್ತಾರೆ. ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ 0.333 ಎಂದು ಎಷ್ಟು ಬರೆದರೂ ಮುಗಿಯುವುದಿಲ್ಲವಲ್ಲ, ಹಾಗೆಯೇ 0.1 ಎಂಬುದು ಕಂಪ್ಯೂಟರ್ ಬಳಸುವ ದ್ವಿಮಾನ ಪದ್ಧತಿಯಲ್ಲಿ ಮುಗಿಯದ ಭಿನ್ನರಾಶಿ. ಇದೇ ಬಗೆಯ ದಶಮಾಂಶವನ್ನು ಬಳಸುವ ಇತರ ಭಾಷೆಗಳಲ್ಲಿಯೂ ಇದು ಹೀಗೆಯೇ ಇರುತ್ತದೆ.

ಹಣವನ್ನು ಪೈಸೆಯಲ್ಲಿ ಪೂರ್ಣ ಸಂಖ್ಯೆಯಾಗಿ ಇಟ್ಟುಕೊಂಡು, ತೋರಿಸುವಾಗ ಮಾತ್ರ ರೂಪಾಯಿಗೆ ಬದಲಾಯಿಸುವುದು ಸರಳವಾದ ದಾರಿ. ಡೆಸಿಮಲ್ ಮಾಡ್ಯೂಲನ್ನೂ ಬಳಸಬಹುದು, ಆದರೆ ಅದಕ್ಕೆ 0.1 ಎಂದು ಕೊಡದೆ "0.1" ಎಂದು ಪಠ್ಯವಾಗಿ ಕೊಡಬೇಕು; ಇಲ್ಲವಾದರೆ ಫ್ಲೋಟಿನ ತಪ್ಪು ಅದರೊಳಗೂ ಬಂದು ಕೂರುತ್ತದೆ. ರೌಂಡ್ ಫಂಕ್ಷನ್ ಸರಿಯಾಗಿ ಅರ್ಧದಲ್ಲಿರುವ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ ಎಂಬುದೂ ತಿಳಿದಿರಲಿ: ರೌಂಡ್(2.5) ಎಂದರೆ 2, ರೌಂಡ್(3.5) ಎಂದರೆ 4. ಶಾಲೆಯಲ್ಲಿ ಕಲಿತ ನಿಯಮವನ್ನು ನಂಬಿ ಬಿಲ್ ಬರೆದವರಿಗೆ ಲೆಕ್ಕ ಕೂಡಿಬರುವುದಿಲ್ಲ.

5. ಪಟ್ಟಿಗೆ ಇನ್ನೊಂದು ಹೆಸರು ಕೊಟ್ಟರೆ ನಕಲು ಆಗುವುದಿಲ್ಲ

ಕೆಳಗಿನ ಮೂರು ಸಾಲುಗಳನ್ನು ಟೈಪ್ ಮಾಡಿ:

ಬೆಳಗಿನ_ದರ = [2100, 2150, 2180]
ಸಂಜೆಯ_ದರ = ಬೆಳಗಿನ_ದರ
ಸಂಜೆಯ_ದರ[0] = 2050

ಈಗ ಬೆಳಗಿನ ದರವನ್ನು ಪ್ರಿಂಟ್ ಮಾಡಿದರೆ ಅದರಲ್ಲಿಯೂ 2050 ಎಂದೇ ಇರುತ್ತದೆ. ಎರಡನೆಯ ಸಾಲು ಹೊಸ ಪಟ್ಟಿಯನ್ನು ಮಾಡಲಿಲ್ಲ, ಒಂದೇ ಚೀಲಕ್ಕೆ ಎರಡನೆಯ ಚೀಟಿ ಕಟ್ಟಿತು ಅಷ್ಟೆ. ಯಾವ ಚೀಟಿ ಹಿಡಿದು ಹೋದರೂ ಸಿಗುವುದು ಅದೇ ಚೀಲ. ನಿಜವಾದ ನಕಲು ಬೇಕಾದರೆ ಎರಡನೆಯ ಸಾಲನ್ನು ಹೀಗೆ ಬರೆಯಿರಿ:

ಸಂಜೆಯ_ದರ = ಬೆಳಗಿನ_ದರ[:]

ಪಟ್ಟಿಯೊಳಗೆ ಪಟ್ಟಿಗಳಿದ್ದಾಗ ಇದು ಸಾಲುವುದಿಲ್ಲ, ಏಕೆಂದರೆ ಹೊರಗಿನ ಪಟ್ಟಿ ಹೊಸದಾದರೂ ಒಳಗಿನವು ಹಳೆಯವೇ ಆಗಿರುತ್ತವೆ. ಆಗ ಕಾಪಿ ಮಾಡ್ಯೂಲಿನ ಡೀಪ್‌ಕಾಪಿ ಫಂಕ್ಷನ್ ಬೇಕು.

ಇದೇ ತಪ್ಪಿನ ಇನ್ನೊಂದು ರೂಪ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚು ತೊಂದರೆ ಕೊಡುತ್ತದೆ. ಚಿತ್ರದುರ್ಗ ಜಿಲ್ಲೆಯ 6 ತಾಲ್ಲೂಕುಗಳಿಗೆ 3 ತಿಂಗಳ ಮಳೆಯ ಅಳತೆ ತುಂಬಬೇಕಾಗಿದೆ, ಮೊದಲು ಎಲ್ಲ ಕಡೆಯೂ ಸೊನ್ನೆ ಇಡೋಣವೆಂದು ಹೀಗೆ ಬರೆದಿರಿ:

ಮಳೆ = [[0] * 3] * 6
ಮಳೆ[0][1] = 40

ಮೊದಲ ಸಾಲಿನಲ್ಲಿ ಮಾತ್ರ ಇರಬೇಕಾದ 40 ಆರೂ ಸಾಲುಗಳಲ್ಲಿ ಕಾಣಿಸುತ್ತದೆ. ಚಳ್ಳಕೆರೆಯ ಮಳೆ ಹೊಳಲ್ಕೆರೆಯಲ್ಲಿಯೂ ಹಿರಿಯೂರಿನಲ್ಲಿಯೂ ಸುರಿದಂತಾಯಿತು. ಹೊರಗಿನ * 6 ಎಂಬುದು ಒಂದೇ ಒಳಪಟ್ಟಿಗೆ ಆರು ಚೀಟಿಗಳನ್ನು ಕಟ್ಟಿದೆ. [[0] * 3 ಫಾರ್ _ ಇನ್ ರೇಂಜ್(6)] ಎಂಬ ಕ್ರಮದಲ್ಲಿ ಬರೆದರೆ ಪ್ರತಿ ಸುತ್ತಿನಲ್ಲಿಯೂ ಹೊಸ ಒಳಪಟ್ಟಿ ಹುಟ್ಟುತ್ತದೆ.

ಫಂಕ್ಷನ್ ಬರೆಯುವಾಗ ಪ್ಯಾರಾಮೀಟರಿಗೆ, ಅಂದರೆ ಫಂಕ್ಷನ್ ಪಡೆಯುವ ಮೌಲ್ಯದ ಹೆಸರಿಗೆ, ಪೂರ್ವನಿಗದಿತ ಮೌಲ್ಯವಾಗಿ ಖಾಲಿ ಪಟ್ಟಿ ಕೊಟ್ಟರೂ ಇದೇ ಆಗುತ್ತದೆ: ಆ ಪಟ್ಟಿ ಫಂಕ್ಷನ್ನನ್ನು ವ್ಯಾಖ್ಯಾನಿಸುವಾಗ ಒಮ್ಮೆ ಮಾತ್ರ ಹುಟ್ಟಿ, ಹಿಂದಿನ ಕರೆಯಲ್ಲಿ ಸೇರಿಸಿದ್ದನ್ನು ಮುಂದಿನ ಕರೆಗೂ ಹೊತ್ತು ತರುತ್ತದೆ. ಪೂರ್ವನಿಗದಿತ ಮೌಲ್ಯವಾಗಿ ನನ್ (ಏನೂ ಇಲ್ಲ ಎಂದು ಸೂಚಿಸುವ ಪೈಥಾನಿನ ಪದ, None) ಕೊಟ್ಟು, ಪಟ್ಟಿಯನ್ನು ಫಂಕ್ಷನ್ನಿನ ಒಳಗೆ ಸೃಷ್ಟಿಸಿ.

ಎಚ್ಚರಿಕೆ: ಲೂಪ್ ನಡೆಯುತ್ತಿರುವಾಗ ಅದೇ ಪಟ್ಟಿಯಿಂದ ಅಂಶಗಳನ್ನು ಅಳಿಸಬೇಡಿ. [5, 0, 0, 7] ಎಂಬ ಪಟ್ಟಿಯಲ್ಲಿ ಸೊನ್ನೆಗಳನ್ನು ಹೀಗೆ ಅಳಿಸಲು ಹೋದರೆ [5, 0, 7] ಉಳಿಯುತ್ತದೆ; ಮೊದಲ ಸೊನ್ನೆ ಹೋದೊಡನೆ ಎರಡನೆಯದು ಅದರ ಜಾಗಕ್ಕೆ ಸರಿಯುತ್ತದೆ, ಲೂಪ್ ಅದನ್ನು ದಾಟಿ ಮುಂದೆ ಹೋಗಿರುತ್ತದೆ. ಬೇಕಾದವುಗಳನ್ನು ಹೊಸ ಪಟ್ಟಿಗೆ ಸೇರಿಸಿಕೊಳ್ಳಿ. ಹಾಗೆಯೇ ದರ = ದರ.ಸಾರ್ಟ್() ಎಂದು ಬರೆಯಬೇಡಿ: ಸಾರ್ಟ್ ಪಟ್ಟಿಯನ್ನು ಇದ್ದಲ್ಲಿಯೇ ಜೋಡಿಸಿ ನನ್ ಹಿಂದಿರುಗಿಸುವುದರಿಂದ ನಿಮ್ಮ ಪಟ್ಟಿಯೇ ಕೈತಪ್ಪುತ್ತದೆ.

6. ಕನ್ನಡ ಪಠ್ಯವನ್ನು ಬಳಸುವಾಗ

ಈ ಭಾಗಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಏಕೆಂದರೆ ಸಾಮಾನ್ಯ ಪಠ್ಯಪುಸ್ತಕಗಳಲ್ಲಿ ಇದು ಸಿಗುವುದಿಲ್ಲ, ನಮ್ಮ ಕಡೆಯ ದತ್ತಾಂಶದಲ್ಲಿ ಮಾತ್ರ ಊರು, ಹೆಸರು, ವಿಳಾಸಗಳೆಲ್ಲ ಕನ್ನಡದಲ್ಲಿಯೇ ಇರುತ್ತವೆ.

ಲೆನ್ ಫಂಕ್ಷನ್ "ದಾವಣಗೆರೆ" ಪದದ ಉದ್ದ 8 ಎನ್ನುತ್ತದೆ, "ಚಿತ್ರದುರ್ಗ" ಪದದ ಉದ್ದ 10 ಎನ್ನುತ್ತದೆ. ನಾವು ಎಣಿಸಿದರೆ ಮೊದಲನೆಯದರಲ್ಲಿ 5 ಅಕ್ಷರ, ಎರಡನೆಯದರಲ್ಲಿ 4. ಪೈಥಾನ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ಅಂದರೆ ಎಲ್ಲ ಭಾಷೆಗಳ ಅಕ್ಷರ, ಚಿಹ್ನೆಗಳಿಗೆ ಒಂದೊಂದಾಗಿ ಕೊಟ್ಟಿರುವ ಸಂಖ್ಯೆಗಳನ್ನು. ಅದರಲ್ಲಿ ದಾ ಎಂಬುದು ದ ಮತ್ತು ಆಕಾರದ ಚಿಹ್ನೆ ಎಂದು ಎರಡು, ತ್ರ ಎಂಬುದು ತ, ವಿರಾಮ ಚಿಹ್ನೆ (ವ್ಯಂಜನದ ಸ್ವರವನ್ನು ತೆಗೆಯುವ ಗುರುತು), ರ ಎಂದು ಮೂರು. ಹೀಗಾಗಿ:

ಊರು = "ದಾವಣಗೆರೆ"
ಊರು[0]
ಊರು[::-1]

ಎರಡನೆಯ ಸಾಲಿಗೆ ದಾ ಬರದೆ ದ ಬರುತ್ತದೆ. ಮೂರನೆಯ ಸಾಲು ಪದವನ್ನು ತಿರುಗಿಸಿದಾಗ ಎಕಾರದ ಚಿಹ್ನೆ ವ್ಯಂಜನವಿಲ್ಲದೆ ಮೊದಲಿಗೆ ಬಂದು, ಉಳಿದ ಚಿಹ್ನೆಗಳು ಬೇರೆಯವರ ಹೆಗಲೇರುತ್ತವೆ. ಅಕ್ಷರಗಳಾಗಿ ಬಿಡಿಸಬೇಕಾದರೆ ಯೂನಿಕೋಡ್‌ಡೇಟಾ ಮಾಡ್ಯೂಲಿನ ಕ್ಯಾಟಗರಿ ಫಂಕ್ಷನ್ ಬಳಸಿ ಈ ನಿಯಮವನ್ನು ಬರೆಯಿರಿ: ಸಂಕೇತದ ವರ್ಗ ಎಂ ಎಂದು ಆರಂಭವಾದರೆ, ಅಥವಾ ಅದರ ಹಿಂದಿನ ಸಂಕೇತ ವಿರಾಮ ಚಿಹ್ನೆಯಾಗಿದ್ದರೆ, ಅದನ್ನು ಹಿಂದಿನ ಅಕ್ಷರಕ್ಕೆ ಸೇರಿಸಿ, ಇಲ್ಲವಾದರೆ ಹೊಸ ಅಕ್ಷರ ಆರಂಭಿಸಿ. ದಿನಬಳಕೆಯ ಪದಗಳಿಗೆ ಇಷ್ಟು ಸಾಕು.

ಫೈಲ್ ತೆರೆಯುವಾಗ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ, ಯುಟಿಎಫ್-8 ಎಂದು ತಪ್ಪದೆ ನಮೂದಿಸಿ. ನಮೂದಿಸದಿದ್ದರೆ ಸಾಮಾನ್ಯ ವಿಂಡೋಸ್ ಕಂಪ್ಯೂಟರಿನಲ್ಲಿ ಪೈಥಾನ್ 1252 ಎಂಬ ಹಳೆಯ ಪದ್ಧತಿಯನ್ನು ಹಿಡಿಯುವುದುಂಟು. ಆಗ ನಡೆಯುವುದನ್ನು ಗಮನಿಸಿ. ದಾವಣಗೆರೆ ಎಂಬ ಒಂದೇ ಪದವಿರುವ ಫೈಲ್ ಯಾವ ದೋಷವೂ ಇಲ್ಲದೆ ತೆರೆದುಕೊಂಡು 24 ಅರ್ಥವಿಲ್ಲದ ಗುರುತುಗಳನ್ನು ಕೊಡುತ್ತದೆ. ಚಿತ್ರದುರ್ಗ ಎಂಬ ಪದವಿದ್ದರೆ ಪ್ರೋಗ್ರಾಮ್ ನಿಂತು 0ಎಕ್ಸ್8ಡಿ ಎಂಬ ಬೈಟನ್ನು ಓದಲಾಗದು ಎನ್ನುತ್ತದೆ. ಆ ಬೈಟ್ ವಿರಾಮ ಚಿಹ್ನೆಯ ಕೊನೆಯ ಭಾಗ, 1252 ಪದ್ಧತಿಯಲ್ಲಿ ಆ ಸ್ಥಾನ ಖಾಲಿ. ಒತ್ತಕ್ಷರವಿರುವ ಊರುಗಳಿದ್ದಾಗ ಪ್ರೋಗ್ರಾಮ್ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಇದೇ ಉತ್ತರ. ನೀವು ಬರೆದ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಕೆಟ್ಟು ಕಾಣುತ್ತಿದ್ದರೆ, ಬರೆಯುವಾಗ ಯುಟಿಎಫ್-8-ಸಿಗ್ ಎಂದು ಕೊಡಿ.

ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳಿಗೆ ಈ ಯಾವ ಉಪಾಯವೂ ಒದಗುವುದಿಲ್ಲ. ಅವುಗಳಲ್ಲಿ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಫಾಂಟ್ ಅವನ್ನು ಕನ್ನಡದಂತೆ ತೋರಿಸುತ್ತಿರುತ್ತದೆ. ಮೊದಲು ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಾಯಿಸಿಕೊಂಡು, ನಂತರವೇ ಪೈಥಾನಿಗೆ ಕೊಡಿ.

ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದಗಳು ಪೈಥಾನಿಗೆ ಬೇರೆ ಬೇರೆಯಾಗಿರುವುದೂ ಉಂಟು. ಹೊನ್ನಾಳಿ, ಹೊಸದುರ್ಗ, ಮೊಳಕಾಲ್ಮೂರು ಎಂಬ ಹೆಸರುಗಳಲ್ಲಿರುವ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಹೊನ್ನಾಳಿಯ ಉದ್ದ ಒಂದು ಕಡತದಲ್ಲಿ 8, ಇನ್ನೊಂದರಲ್ಲಿ 9 ಬಂದರೆ ಕಾರಣ ಇದು. ಹೋಲಿಸುವ ಮೊದಲು ಎರಡೂ ಪದಗಳನ್ನು ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್ನಿನಲ್ಲಿ ಎನ್‌ಎಫ್‌ಸಿ ಎಂಬ, ಬಿಡಿ ಸಂಕೇತಗಳನ್ನು ಒಂದುಗೂಡಿಸಿದ ರೂಪಕ್ಕೆ ತನ್ನಿ, ಸ್ಟ್ರಿಪ್ ಬಳಸಿ ಆಚೀಚಿನ ಸ್ಪೇಸ್ ತೆಗೆಯಿರಿ. ಹೊಳಲ್ಕೆರೆಯನ್ನು ಕೆಲವರು ಹೊಳಲ್‌ಕೆರೆ ಎಂದು ಬಿಡಿಸಿ ಟೈಪ್ ಮಾಡುತ್ತಾರೆ. ನಡುವೆ ಕಾಣದ ಸಂಕೇತವೊಂದು ಕುಳಿತಿರುತ್ತದೆ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ, ರಿಪ್ಲೇಸ್ ಬಳಸಿ ನೀವೇ ತೆಗೆಯಬೇಕು.

7. ಇಷ್ಟಾದರೂ ಬಗೆಹರಿಯದಿದ್ದರೆ ಕೇಳುವ ಕ್ರಮ

ಇಡೀ ಪ್ರಾಜೆಕ್ಟನ್ನು ಕಳಿಸಿ ಏನೋ ತಪ್ಪಾಗಿದೆ ಎಂದರೆ ಯಾರಿಗೂ ಸಹಾಯ ಮಾಡುವುದು ಕಷ್ಟ. ದೋಷ ಮತ್ತೆ ಕಾಣಿಸುವಷ್ಟು ಮಾತ್ರ ಉಳಿಸಿ, ಉಳಿದ ಸಾಲುಗಳನ್ನು ಒಂದೊಂದಾಗಿ ತೆಗೆಯುತ್ತಾ ಹತ್ತು ಹದಿನೈದು ಸಾಲಿಗೆ ಇಳಿಸಿ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈ ಕೆಲಸದ ನಡುವೆಯೇ ತಪ್ಪು ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಪೈಥಾನ್ ಆವೃತ್ತಿ, ಕೊಟ್ಟ ಇನ್‌ಪುಟ್, ನಿರೀಕ್ಷಿಸಿದ ಉತ್ತರ, ಬಂದ ಉತ್ತರ ಮತ್ತು ಟ್ರೇಸ್‌ಬ್ಯಾಕ್ ಪೂರ್ತಿಯಾಗಿ, ಇಷ್ಟನ್ನೂ ಬರೆಯಿರಿ.

ಪರದೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಕಳಿಸಬೇಡಿ. ಟ್ಯಾಬ್, ಸ್ಪೇಸ್, ಕಾಣದ ಸಂಕೇತಗಳು ಅದರಲ್ಲಿ ಗೊತ್ತಾಗುವುದಿಲ್ಲ, ಅದನ್ನು ನಡೆಸಿ ನೋಡುವುದಕ್ಕೂ ಬರುವುದಿಲ್ಲ. ಕೋಡನ್ನು ವಾಟ್ಸಾಪ್ ಸಂದೇಶವಾಗಿಯೂ ಅಂಟಿಸಬೇಡಿ: ನಕ್ಷತ್ರ ಚಿಹ್ನೆಗಳ ನಡುವಿನ ಪಠ್ಯ ಅಲ್ಲಿ ದಪ್ಪಕ್ಷರವಾಗಿ, ನಿಮ್ಮ ಗುಣಾಕಾರ ಚಿಹ್ನೆಗಳೇ ಕಾಣದಂತಾಗಬಹುದು. ಫೈಲನ್ನೇ ಡಾಕ್ಯುಮೆಂಟ್ ಆಗಿ ಲಗತ್ತಿಸಿ ಕಳಿಸಿ.